ನಮ್ಮ ಜಿಲ್ಲೆಯ ಇನ್ನೊಬ್ಬರು

ಎಣಿಸುವ ಕೆಲಸ ಹಿಡಿದವರಿಗೆ ಇಂಥವು ತಪ್ಪಿದ್ದಲ್ಲ. ಕುರಿ ಎಣಿಸುವವನು ನಾಯಿಯನ್ನೂ ಸೇರಿಸಿಬಿಡುತ್ತಾನೆ, ಜನಗಣತಿಗೆ ಬಂದ ಮೇಷ್ಟ್ರು ಹಬ್ಬಕ್ಕೆ ಬಂದ ನೆಂಟರನ್ನೂ ಬರೆದುಕೊಂಡು ಹೋಗುತ್ತಾರೆ. ನಾನು ಎಣಿಸುವುದು ಕುರಿಯನ್ನೂ ಅಲ್ಲ, ಜನರನ್ನೂ ಅಲ್ಲ. ಆದರೂ ನನಗೂ ಆಗುತ್ತಲೇ ಇರುತ್ತವೆ. ಆದಾಗ ಹೇಳಿಕೊಂಡು ನಗೋಣ ಅಂದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಕ್ರಿಪ್ಟೋ ನಾಣ್ಯ ಅಂತ ಕೇಳಿರುತ್ತೀರಿ. ಅದಕ್ಕೆ ಬ್ಯಾಂಕಿಲ್ಲ, ಮ್ಯಾನೇಜರಿಲ್ಲ. ಪ್ರಪಂಚದ ತುಂಬ ಸಾವಿರಾರು ಕಂಪ್ಯೂಟರುಗಳು ಒಂದೇ ಲೆಕ್ಕವನ್ನು ತಮ್ಮ ತಮ್ಮ ಹತ್ತಿರ ಇಟ್ಟುಕೊಂಡು, ಒಂದಕ್ಕೊಂದು ತಾಳೆ ನೋಡುತ್ತಿರುತ್ತವೆ. ಅಂಥ ಒಂದೊಂದು ಕಂಪ್ಯೂಟರನ್ನೂ ನೋಡ್ ಅನ್ನುತ್ತಾರೆ. ಬಹಳ ಕಾಲ ಹೆಚ್ಚುಕಡಿಮೆ ಎಲ್ಲರೂ ಒಂದೇ ಸಾಫ್ಟ್‌ವೇರ್ ಹಾಕಿಕೊಂಡಿದ್ದರು. ಆಮೇಲೆ ಅದನ್ನು ಬರೆಯುವವರಲ್ಲಿ ಮನಸ್ತಾಪ ಬಂದು ಕೆಲವರು ಬೇರೆ ಒಲೆ ಹೂಡಿದರು. ಆ ಹೊಸ ಸಾಫ್ಟ್‌ವೇರಿಗೆ ಎಷ್ಟು ನೋಡ್‌ಗಳು ಹೋದವು, ಹಳೆಯದರಲ್ಲಿ ಎಷ್ಟು ಉಳಿದವು ಎಂದು ದಿನಾ ಎಣಿಸುವುದು ನನ್ನ ಕೆಲಸ.

ಮೊದಲು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದೆ. ಆ ವಿಷಯಕ್ಕೆ ಸೇರುವ ಮಕ್ಕಳು ಕಡಿಮೆಯಾಗಿ ವಿಭಾಗವನ್ನೇ ಮುಚ್ಚಿದರು. ಈಗ ಶಿಡ್ಲಘಟ್ಟದಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದು, ಯಾವುದೋ ದೇಶದ ನಾಲ್ಕಾರು ಜನರ ಸಂಸ್ಥೆಗೆ ಇಲ್ಲಿಂದಲೇ ಎಣಿಸಿ ಕೊಡುತ್ತೇನೆ. ಮದುವೆಯಾಗಲಿಲ್ಲ, ಅದು ಬೇರೆ ಕಥೆ, ಅದರಲ್ಲಿ ನಗು ಕಡಿಮೆ. ಕಾಲೇಜಿನಲ್ಲಿದ್ದಾಗ ದಿನವೆಲ್ಲ ಮೇಡಂ ಮೇಡಂ ಅನ್ನಿಸಿಕೊಂಡವಳು ನಾನು. ಈಗ ಕೆಲವು ದಿನ ಸಂಜೆ ಹಾಲಿನ ಬೂತಿಗೆ ಹೋಗಿ ಅರ್ಧ ಲೀಟರ್ ಅನ್ನುವಷ್ಟರಲ್ಲಿ ಗಂಟಲು ಕಟ್ಟಿರುತ್ತದೆ. ಬೆಳಗಿನಿಂದ ಬಾಯೇ ಬಿಟ್ಟಿರುವುದಿಲ್ಲ.

೧. ಕೊನೆ ಮನೆಯಾಕೆ

ಕೆಳಗಿನ ಮನೆಯಲ್ಲಿ ಯಜಮಾನಿ ಇದ್ದಾರೆ. ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಕೂಡಿ ಸದಾ ಗಲಾಟೆ. ಅವರ ಗಂಡನ ಕಾಲದಲ್ಲಿ ರೇಷ್ಮೆ ನೂಲು ತೆಗೆಯುವ ಫಿಲೇಚರ್ ನಡೆಸುತ್ತಿದ್ದರಂತೆ, ಈಗಲೂ ಗೂಡು ಕೈಯಲ್ಲಿ ಹಿಡಿದರೆ ಯಾವ ಊರಿನ ಮಾಲು ಅಂತ ಹೇಳುತ್ತಾರೆ. ಅರ್ಧ ಕನ್ನಡ, ಅರ್ಧ ತೆಲುಗು. ಬೈಯುವುದು ತೆಲುಗಿನಲ್ಲಿ, ವಿಚಾರಣೆ ಮಾಡುವುದು ಕನ್ನಡದಲ್ಲಿ. ನನ್ನನ್ನು ಟೀಚರಮ್ಮ ಅನ್ನುತ್ತಾರೆ.

ಮನೆ ಹಿಡಿದ ಹೊಸತು. ಒಂದು ಮಧ್ಯಾಹ್ನ ತಾರಸಿಯ ಮೇಲೆ ಬಟ್ಟೆ ಒಣಹಾಕುವಾಗ ಕೆಲಸದ ವಿಚಾರ ತೆಗೆದರು. ಈಯಮ್ಮ ದಿನವೆಲ್ಲ ಬಾಗಿಲು ಹಾಕಿಕೊಂಡು ಏನು ಮಾಡುತ್ತಾಳೆ ಎಂಬ ಪ್ರಶ್ನೆ ಅಷ್ಟರಲ್ಲೇ ಬೀದಿಯಲ್ಲೆಲ್ಲ ಓಡಾಡಿ, ಉತ್ತರ ಸಿಗದೆ ವಾಪಸು ಬಂದಿತ್ತು. ಪಾಠ ಮಾಡಿ ಬಹಳ ದಿನವಾಗಿತ್ತಲ್ಲ, ನಾನೂ ಹುರುಪಿನಿಂದ ಸಾವಿರಾರು ಕಂಪ್ಯೂಟರು, ಎರಡು ಸಾಫ್ಟ್‌ವೇರು, ಯಾರು ಇತ್ತ, ಯಾರು ಅತ್ತ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವರು ಒದ್ದೆ ಸೀರೆ ಕೊಡವುತ್ತಾ ಪೂರ್ತಿ ಕೇಳಿಸಿಕೊಂಡರು.

ಆಮೇಲೆ ಒಂದೊಂದೇ ಅನುಮಾನ ಬಂತು. ಅವರ ಮನೆಗೇ ಹೋಗಿ ಎಣಿಸುತ್ತೀಯಾ? ಇಲ್ಲ, ಕೂತಲ್ಲೇ. ಅವರು ಯಾರು ಅಂತ ನಿನಗೆ ಗೊತ್ತಾ? ಗೊತ್ತಿಲ್ಲ. ನೀನು ಅವರಿಗೆ ಗೊತ್ತಾ? ಅದೂ ಇಲ್ಲ. ಅವರು ಅತ್ತ ಹೋದರೆ ನಿನಗೇನಾದರೂ ಲಾಭವಾ? ಇಲ್ಲ. ಇತ್ತ ಉಳಿದರೆ? ಅದರಿಂದಲೂ ಏನಿಲ್ಲ, ಎಷ್ಟು ಅಂತ ಹೇಳಬೇಕು ಅಷ್ಟೆ.

"ಸರ್ಲೇ, ಅರ್ಥ ಆಯ್ತು ಬಿಡು," ಅಂದರು. "ನಮ್ಮ ಬೀದಿ ಕೊನೆ ಮನೆಯಾಕೆನೂ ಜಗಲಿ ಮೇಲೆ ಕೂತ್ಕೊಂಡು ದಿನಾ ಇದೇ ಮಾಡ್ತಾಳೆ. ಯಾರ ಮನೆಯೋರು ಯಾವ ಅಂಗಡಿ ಬಿಟ್ಟು ಯಾವ ಅಂಗಡಿಗೆ ಹೋದ್ರು ಅಂತ. ಪಾಪ, ಅವಳಿಗೆ ಯಾರೂ ಸಂಬಳ ಕೊಡಲ್ಲ ಕಣಮ್ಮ."

೨. ಎರಡು ಮೀಟಿಂಗು, ಒಂದು ಲಾರಿ

ಗೌರಿಬಿದನೂರಿನ ಹತ್ತಿರ ತೊಂಡೇಬಾವಿಯಲ್ಲಿ ನನ್ನ ಅಕ್ಕನ ಮನೆ. ಅವಳ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದೆ. ಮದುವೆಯಾಗದೆ ನಲವತ್ತು ದಾಟಿದ ಹೆಂಗಸನ್ನು ಯಾವ ಪಂಕ್ತಿಯಲ್ಲಿ ಕೂರಿಸಬೇಕೆಂದು ನಮ್ಮ ನೆಂಟರಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಸೊಸೆಯಂದಿರ ಸಾಲಿನಲ್ಲಿ ಗಂಡಂದಿರ ಮಾತು, ಅತ್ತೆಯರ ಸಾಲಿನಲ್ಲಿ ಸೊಸೆಯರ ಮಾತು, ಎರಡಕ್ಕೂ ನನ್ನ ಹತ್ತಿರ ಸರಕಿಲ್ಲ. ಕೊನೆಗೆ ಖಾಲಿ ಇದ್ದ ಎಲೆಯೊಂದರ ಮುಂದೆ ಕೂತೆ. ಪಕ್ಕದ ಎಲೆಯಲ್ಲಿ ಭಾವನವರ ಅಣ್ಣ ಇದ್ದರು. ಗೌರಿಬಿದನೂರಿನಲ್ಲಿ ಯಾವ ಪಕ್ಷದ ಸಭೆಯಾದರೂ ಶಾಮಿಯಾನ ಕಟ್ಟುವ ಹೊತ್ತಿಗೇ ಅಲ್ಲಿರುವ ಮನುಷ್ಯ.

ಅವರಿಗೆ ನನ್ನ ಕೆಲಸ ತಟ್ಟನೆ ಹಿಡಿಸಿತು. ಹಳೆ ಪಾರ್ಟಿ ಬಿಟ್ಟು ಹೊಸ ಪಾರ್ಟಿಗೆ ಎಷ್ಟು ಜನ ಹೋದರು ಅಂತ ಎಣಿಸುವುದು ತಾನೇ, ಅಂದರು. ಹೆಚ್ಚುಕಡಿಮೆ ಹಾಗೇ ಅಂದೆ. ಆ ವಾರ ನನಗೊಂದು ತಲೆನೋವಿತ್ತು. ಹೊಸ ಸಾಫ್ಟ್‌ವೇರಿನ ಸಂಖ್ಯೆ ಇದ್ದಕ್ಕಿದ್ದಂತೆ ಜಿಗಿದುಬಿಟ್ಟಿತ್ತು. ಒಬ್ಬನೇ ಮನುಷ್ಯ ಹತ್ತಾರು ನೋಡ್ ಇಟ್ಟುಕೊಂಡು, ಒಂದೊಂದಕ್ಕೂ ಒಂದೊಂದು ವಿಳಾಸ ಕೊಟ್ಟು ಕೂತರೆ, ದೂರದಿಂದ ಎಣಿಸುವ ನನಗೆ ಅದು ಜನಜಾತ್ರೆಯಾಗಿಯೇ ಕಾಣುತ್ತದೆ. ಇದು ನಿಜವಾದ ಜನವೋ, ಒಬ್ಬನ ಆಟವೋ ಹೇಗೆ ಕಂಡುಹಿಡಿಯುವುದು? ಇದನ್ನು ಹೋಳಿಗೆ ಬರುವ ತನಕ ವಿವರಿಸಿದೆ.

ಅವರು ನಕ್ಕರು. ಹಿಂದೆ ಒಂದು ಸಲ ಬೆಳಿಗ್ಗೆ ಗೌರಿಬಿದನೂರಿನಲ್ಲಿ ಒಂದು ಪಕ್ಷದ ಸಭೆ, ಮಧ್ಯಾಹ್ನ ಚಿಕ್ಕಬಳ್ಳಾಪುರದಲ್ಲಿ ಅದರ ಎದುರು ಪಕ್ಷದ ಸಭೆ ನಡೆಯಿತಂತೆ. ಎರಡು ಕಡೆಯೂ ಕಿಕ್ಕಿರಿದ ಜನ. ಇಬ್ಬರು ಮುಖಂಡರೂ ಜಿಲ್ಲೆಯೇ ನಮ್ಮ ಹಿಂದಿದೆ ಎಂದು ಭಾಷಣ ಮಾಡಿದರಂತೆ. ಲಾರಿ ಅವೇ, ಜನ ಅವರೇ, ಹೆಗಲ ಮೇಲಿನ ಟವಲ್ಲಿನ ಬಣ್ಣ ಮಾತ್ರ ಬೇರೆ.

ನನ್ನೊಳಗಿನ ಸಂಖ್ಯಾಶಾಸ್ತ್ರ ಸುಮ್ಮನಿರಲಿಲ್ಲ. ಅಷ್ಟು ದೊಡ್ಡ ಗುಂಪಿನಲ್ಲಿ ಅವರೇ ಇವರು ಅಂತ ಹೇಗೆ ಹೇಳುತ್ತೀರಿ, ಮುಖ ಗುರುತು ಹಿಡಿದಿರಾ, ಊಹೆಯಾ, ಆಧಾರ ಏನು ಎಂದು ಕೇಳಿದೆ.

ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡು ಅಂದರು, "ಎರಡು ಸಲಾನೂ ಲಾರಿಗೆ ಜನ ಹತ್ತಿಸ್ದೋನು ನಾನೇ ಅಲ್ವೇನಮ್ಮ."

೩. ಇಬ್ಬರಿಗಾಗುವಷ್ಟು ಚಿತ್ರಾನ್ನ

ಎಣಿಸುವ ಪ್ರೋಗ್ರಾಂ ನನ್ನ ಮನೆಯಲ್ಲಿಲ್ಲ. ಸಂಸ್ಥೆಯವರು ದೂರದ ದೇಶದಲ್ಲಿ ಬಾಡಿಗೆಗೆ ಹಿಡಿದ ಕಂಪ್ಯೂಟರಿನಲ್ಲಿದೆ. ಅದು ದಿನಾ ಒಂದೊಂದೇ ನೋಡಿನ ಬಾಗಿಲು ತಟ್ಟಿ, ನಿನ್ನದು ಯಾವ ಸಾಫ್ಟ್‌ವೇರು ಎಂದು ಕೇಳಿಕೊಂಡು ಬರುತ್ತದೆ. ಸರಿಯಾಗಿ ಕೇಳುತ್ತಿದೆಯೇ ಎಂದು ಪರೀಕ್ಷೆ ಮಾಡಲು ನನ್ನ ಕೋಣೆಯಲ್ಲೂ ಒಂದು ನೋಡ್ ಇಟ್ಟೆ. ಊಟದ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಹೊಸ ಸಾಫ್ಟ್‌ವೇರು. ನನ್ನದನ್ನು ನಾನೇ ಲೆಕ್ಕಕ್ಕೆ ಸೇರಿಸಿಕೊಂಡರೆ ಮೋಸವಾಗುತ್ತದಲ್ಲ, ಅದಕ್ಕೆ ನನ್ನ ಮನೆಯ ಇಂಟರ್ನೆಟ್ ವಿಳಾಸ ಸಿಕ್ಕರೆ ಬಿಟ್ಟು ಮುಂದೆ ಹೋಗು ಎಂದು ಪ್ರೋಗ್ರಾಮಿಗೆ ಹೇಳಿಟ್ಟೆ. ಪರೀಕ್ಷೆ ಎಂದೋ ಮುಗಿಯಿತು. ಪೆಟ್ಟಿಗೆ ತೆಗೆಯಲು ಮನಸ್ಸು ಬರಲಿಲ್ಲ. ಅದರ ಹಸಿರು ದೀಪ ಮಿಣುಕುತ್ತಿದ್ದರೆ ಮನೆಯಲ್ಲಿ ಇನ್ನೂ ಏನೋ ಒಂದು ಎಚ್ಚರವಾಗಿದೆ ಅನ್ನಿಸುತ್ತದೆ.

ಮುಂಗಾರಿನ ಮೊದಲ ಮಳೆಗೆ ಸಿಡಿಲು ಹೊಡೆದು ಇಂಟರ್ನೆಟ್ಟಿನ ಬಾಕ್ಸ್ ಸುಟ್ಟುಹೋಯಿತು. ಕೇಬಲ್ಲಿನವರು ಬಂದು ಹೊಸ ಬಾಕ್ಸ್ ಹಾಕಿ, ಲೈನನ್ನೂ ಬೇರೆ ಕಡೆಯಿಂದ ಎಳೆದು ಕೊಟ್ಟರು. ಹೊರಡುವಾಗ ತಮ್ಮ ಫೋನಿನಲ್ಲಿ ಏನೋ ನೋಡಿಕೊಂಡು, ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜಿಗಿಂತ ನಿಮ್ಮನೇಲೇ ಇಂಟರ್ನೆಟ್ ಜಾಸ್ತಿ ಓಡುತ್ತೆ, ಎಷ್ಟು ಜನ ಇದ್ದೀರ ಮೇಡಂ ಅಂದರು. ಒಬ್ಬಳೇ ಅಂದೆ. ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಮೆಟ್ಟಿಲಿಳಿದು ಹೋದರು.

ಸ್ವಲ್ಪ ಹೊತ್ತಿಗೆ ಯಜಮಾನಿ ಹತ್ತಿ ಬಂದರು. ಕೈಯಲ್ಲಿ ಮಾವಿನಕಾಯಿ ಚಿತ್ರಾನ್ನದ ತಟ್ಟೆ. ಮಂಡಿ ನೋವಿನವರು, ತಿಂಗಳುಗಟ್ಟಲೆ ಮೇಲೆ ಬಂದವರಲ್ಲ. ತಟ್ಟೆ ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋದರು, ಸಿಂಕ್ ಕಟ್ಟಿಕೊಂಡಿದೆಯಾ ನೋಡಬೇಕಂತೆ. ಬಚ್ಚಲಲ್ಲಿ ನಲ್ಲಿ ಸೋರುತ್ತಿದೆಯಾ ನೋಡಿದರು. ಮಲಗುವ ಕೋಣೆಯ ಬಾಗಿಲ ಹಿಂದೆ ಗೆದ್ದಲು ಹಿಡಿದಿದೆಯಾ ನೋಡಿದರು. ಮಂಚದ ಕೆಳಗೂ ಗೆದ್ದಲಿನ ಅನುಮಾನ ಬಂತು. ಕೊನೆಗೆ ಕುರ್ಚಿಯಲ್ಲಿ ಕೂತು ನೇರವಾಗಿ ಕೇಳಿಯೇಬಿಟ್ಟರು. "ಕೇಬಲ್ಲಿನೋನು ಹೇಳ್ದ, ಮನೆ ತುಂಬ ಜನ ಇರೋ ಅಷ್ಟು ಓಡ್ತಿದೆ ಅಂತ. ಯಾರಿದಾರೆ ಹೇಳಮ್ಮ, ನಾನೇನೂ ಅನ್ಕಳಲ್ಲ."

ನಾನು ಮೂಲೆಯಲ್ಲಿದ್ದ ಪೆಟ್ಟಿಗೆ ತೋರಿಸಿದೆ. ಅದು ಮಿಣುಕಿತು. ಅವರು ಅದನ್ನೇ ಬಹಳ ಹೊತ್ತು ನೋಡಿದರು.

"ಇದಾ," ಅಂದರು. "ಈ ಮಂಡಿ ಇಟ್ಕೊಂಡು ಅಷ್ಟು ಮೆಟ್ಲು ಎಷ್ಟು ಆಸೆಯಿಂದ ಹತ್ಕೊಂಡ್ ಬಂದೆ ಗೊತ್ತಾ ನಿನಗೆ."

ಅವರು ಹೋದ ಮೇಲೆ ತಟ್ಟೆ ನೋಡಿದೆ. ಚಿತ್ರಾನ್ನ ಸರಿಯಾಗಿ ಇಬ್ಬರಿಗಾಗುವಷ್ಟಿತ್ತು.

೪. ಬೈಯುವವರು

ವಾರಕ್ಕೊಮ್ಮೆ ನನ್ನ ಲೆಕ್ಕ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ. ಆ ದಿನ ಎರಡು ಕಡೆಯವರೂ ಬೈಯುತ್ತಾರೆ. ಹೊಸ ಸಾಫ್ಟ್‌ವೇರಿನವರಿಗೆ ನಾನು ಕಡಿಮೆ ಎಣಿಸಿದೆ ಎಂದು ಸಿಟ್ಟು, ಹಳೆಯದರವರಿಗೆ ಜಾಸ್ತಿ ಎಣಿಸಿದೆ ಎಂದು ಸಿಟ್ಟು. ಇಬ್ಬರೂ ಬೈದ ವಾರ ಲೆಕ್ಕ ಹೆಚ್ಚುಕಡಿಮೆ ಸರಿಯಿದೆ ಎಂದು ನಾನು ನೆಮ್ಮದಿಯಾಗಿರುತ್ತೇನೆ.

ಇವರಲ್ಲಿ ಒಬ್ಬರು ನಿಷ್ಠಾವಂತರು. ವರ್ಷದಲ್ಲಿ ಅರ್ಧ ಹಿಮ ಬೀಳುವ ಯಾವುದೋ ದೇಶದವರು. ಬೇರೆಯವರು ವಾರಕ್ಕೊಮ್ಮೆ ಬೈದರೆ ಇವರು ದಿನಾ ಬೆಳಿಗ್ಗೆ ಬೈಯುತ್ತಿದ್ದರು. ಬಾಗಿಲು ಹಾಕಿಕೊಂಡಿರುವ ನೋಡ್‌ಗಳು ನಿನ್ನ ಕಣ್ಣಿಗೆ ಬೀಳುವುದೇ ಇಲ್ಲ, ಬೀದಿಯಲ್ಲಿ ಕಂಡವರನ್ನಷ್ಟೇ ಎಣಿಸಿ ಊರಿನ ಲೆಕ್ಕ ಅನ್ನುತ್ತೀ, ನಿನಗೆ ಈ ಕೆಲಸ ಕೊಟ್ಟವರಾದರೂ ಯಾರು, ಹೀಗೆ. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಅಷ್ಟು ಉದ್ದ ಬರೆಯಲು ಪುರುಸೊತ್ತಾದರೂ ಹೇಗೆ ಸಿಗುತ್ತದೆ ಎಂದು ನನಗೆ ಆಶ್ಚರ್ಯ. ಕಾಫಿ ಕುಡಿಯುತ್ತಾ ಅವರ ಬೈಗುಳ ಓದುವುದು ನನಗೆ ಪೇಪರ್ ಓದಿದಷ್ಟೇ ರೂಢಿಯಾಗಿತ್ತು.

ಒಂದು ವಾರ ಬೈಗುಳ ಬರಲಿಲ್ಲ. ಮೊದಲ ದಿನ ಹಾಯೆನಿಸಿತು. ಆಮೇಲೆ ಕಸಿವಿಸಿ. ಬೇರೆ ಕಡೆಯ ಬೈಗುಳ ಏನೇ ಬಂದರೂ ಅದು ಲೆಕ್ಕಕ್ಕೆ, ಇವರೊಬ್ಬರೇ ನನ್ನ ಹೆಸರು ಹಿಡಿದು ಬರೆಯುತ್ತಿದ್ದುದು. ಹೆಸರಿನ ಕಾಗುಣಿತವೂ ಸರಿಯಾಗಿರುತ್ತಿತ್ತು. ಎಷ್ಟು ಸಲ ಮೇಲ್ ತೆಗೆದು ನೋಡಿದೆನೋ. ಕೊನೆಗೆ ನಾಚಿಕೆ ಬಿಟ್ಟು ಎರಡು ಸಾಲು ಬರೆದೆ. ನಿಮ್ಮಿಂದ ಕೆಲವು ದಿನಗಳಿಂದ ಏನೂ ಬಂದಿಲ್ಲ, ಆರೋಗ್ಯವಾಗಿದ್ದೀರಾ?

ಉತ್ತರ ಬರುವಷ್ಟರಲ್ಲಿ ಇನ್ನೂ ಕೆಲವು ದಿನ ಕಳೆದವು. ಹೃದಯದ ಆಪರೇಷನ್ ಆಗಿತ್ತಂತೆ, ಮನೆಗೆ ಬಂದು ಎರಡು ದಿನವಾಯಿತಂತೆ. ಮನೆಯಲ್ಲಿ ಅವರೊಬ್ಬರೇ ಅಂತೆ. ಹೇಗಿದ್ದೀರಿ ಎಂದು ಕೇಳಿದವರು ಡಾಕ್ಟರನ್ನು ಬಿಟ್ಟರೆ ನೀನೊಬ್ಬಳೇ ಎಂದು ಬರೆದಿದ್ದರು. ನಿಜ ಹೇಳುತ್ತೇನೆ, ಓದುತ್ತಾ ನನ್ನ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ಕೆಳಗಿನ ಸಾಲು ಓದಿದೆ.

"ಆದರೆ ನಿನ್ನ ಲೆಕ್ಕ ಈಗಲೂ ತಪ್ಪು."

೫. ಮುರುಗಮಲ್ಲದ ಬಸ್ಸು

ಇಷ್ಟು ದಿನ ಎಣಿಸಿದರೂ ನಮ್ಮ ಜಿಲ್ಲೆಯ ಸಂಖ್ಯೆ ಯಾವತ್ತೂ ಸೊನ್ನೆಯೇ. ಬೆಂಗಳೂರಿನಲ್ಲಿ ನೋಡ್‌ಗಳು ಬೇಕಾದಷ್ಟಿವೆ, ದೇವನಹಳ್ಳಿ ದಾಟಿ ಇತ್ತ ಬಂದರೆ ಒಂದೂ ಇಲ್ಲ. ಹೀಗಿರುವಾಗ ಮಳೆಗಾಲದ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಲೆಕ್ಕ ತೆಗೆದರೆ, ಜಿಲ್ಲೆಯ ಮುಂದೆ ಒಂದು ಎಂದು ಬಂದಿದೆ. ಹೊಸ ಸಾಫ್ಟ್‌ವೇರು. ಊರು ಚಿಂತಾಮಣಿ.

ನನಗಾದ ಸಂತೋಷವನ್ನು ಹೇಗೆ ಹೇಳಲಿ. ಬೇರೆ ದೇಶದಲ್ಲಿ ಇದ್ದಕ್ಕಿದ್ದಂತೆ ಯಾರೋ ಕನ್ನಡ ಮಾತಾಡಿದರೆ ಆಗುತ್ತದಲ್ಲ, ಹಾಗೆ. ಒಂದು ಬಸ್ ಹತ್ತಿದರೆ ಸಿಗುವ ಊರಿನಲ್ಲಿ ನನ್ನ ಕೆಲಸ ವಿವರಿಸದೆಯೇ ಅರ್ಥವಾಗುವ ಒಬ್ಬ ಮನುಷ್ಯರು. ಇನ್ನೂ ಒಂದು ಗಮನಿಸಿದೆ. ರಾತ್ರಿ ನಮ್ಮ ಮನೆಯಲ್ಲಿ ಕರೆಂಟ್ ಹೋಗಿದ್ದರೆ ಬೆಳಗಿನ ಲೆಕ್ಕದಲ್ಲಿ ಆ ನೋಡೂ ಇರುತ್ತಿರಲಿಲ್ಲ, ಮಾರನೆಯ ದಿನ ಮತ್ತೆ ಬರುತ್ತಿತ್ತು. ಒಂದೇ ಲೈನಿನವರು ಎಂದುಕೊಂಡೆ. ನಾನು ಮೇಣದಬತ್ತಿ ಹುಡುಕುವಾಗ ಅಲ್ಲಿ ಅವರೂ ಹುಡುಕುತ್ತಿದ್ದಾರೆ ಎಂದು ನೆನೆಸಿಕೊಂಡರೆ ಕತ್ತಲೆ ಅಷ್ಟು ಕತ್ತಲೆಯಾಗಿರುತ್ತಿರಲಿಲ್ಲ.

ಯಜಮಾನಿಗೆ ಹೇಳಿದೆ. ಗಂಡಸಾ ಹೆಂಗಸಾ ಅಂದರು. ಗೊತ್ತಾಗುವುದಿಲ್ಲ ಅಂದೆ. ಮದುವೆ ಆಗಿದೆಯಾ ಅಂದರು. ಹೋಗಿ ನೋಡಿಕೊಂಡು ಬಾ ಎಂದು ಅವರೇ ಕಳಿಸಿದರು, ಒಳ್ಳೆ ಸೀರೆ ಉಡಿಸಿ.

ಇಂಟರ್ನೆಟ್ ವಿಳಾಸದಿಂದ ಊರು ತಿಳಿಯುತ್ತದೆ, ಮನೆ ತಿಳಿಯುವುದಿಲ್ಲ. ಭೂಪಟದ ಚುಕ್ಕಿ ಊರಿನ ನಡುಮಧ್ಯೆ ಸುಮ್ಮನೆ ಬಿದ್ದಿರುತ್ತದೆ. ಇದನ್ನು ಮಕ್ಕಳಿಗೆ ಪಾಠ ಮಾಡುವಷ್ಟು ಚೆನ್ನಾಗಿ ನನಗೆ ಗೊತ್ತು. ಆದರೂ ಆ ಚುಕ್ಕಿಯ ಹತ್ತಿರವೇ ಇಳಿದು, ಬಸ್ ಸ್ಟ್ಯಾಂಡಿನ ಬಳಿ ನಿಂತು, ಹೋಗಿಬರುವವರ ಮುಖ ನೋಡಲು ಶುರುಮಾಡಿದೆ. ಕನ್ನಡಕ ಹಾಕಿಕೊಂಡವರನ್ನು ಸ್ವಲ್ಪ ಜಾಸ್ತಿ ನೋಡಿದೆ.

ಟೀ ಅಂಗಡಿಯ ಸಾಬರು ನನ್ನನ್ನು ಬಹಳ ಹೊತ್ತಿನಿಂದ ಗಮನಿಸುತ್ತಿದ್ದರು. ವಯಸ್ಸಾದವರು, ಕರುಣೆಯ ಮುಖ. ಯಾರನ್ನು ಹುಡುಕುತ್ತಿದ್ದೀರಮ್ಮ ಎಂದು ಕೇಳಿದರು. ಇದೇ ಊರಿನವರು ಒಬ್ಬರು ಅಂದೆ. ಹೆಸರು? ಗೊತ್ತಿಲ್ಲ. ಗಂಡಸರಾ? ಗೊತ್ತಿಲ್ಲ. ಯಾವ ಕಡೆ ಮನೆ? ಗೊತ್ತಿಲ್ಲ. ನೋಡಲು ಹೇಗಿದ್ದಾರೆ? ನಾನು ನೋಡಿಲ್ಲ. ಅವರಿಗೆ ನೀವು ಗೊತ್ತಾ? ಇಲ್ಲ, ಆದರೆ ನಮ್ಮ ಮನೆಯಲ್ಲಿ ಕರೆಂಟ್ ಹೋದಾಗ ಅವರ ಮನೆಯಲ್ಲೂ ಹೋಗುತ್ತದೆ ಅಂದೆ.

ಅವರು ನನಗೆ ಟೀ ಕೊಟ್ಟರು, ದುಡ್ಡು ಬೇಡವೆಂದರು. ಆಮೇಲೆ ಜೊತೆಯಲ್ಲೇ ಬಂದು, ಹೊರಡಲು ನಿಂತಿದ್ದ ಮುರುಗಮಲ್ಲದ ಬಸ್ಸಿಗೆ ಹತ್ತಿಸಿ, ಕಿಟಕಿ ಪಕ್ಕದ ಸೀಟೇ ಕೊಡಿಸಿದರು. ಮುರುಗಮಲ್ಲದ ದರ್ಗಾ ಗೊತ್ತಿರಬೇಕು. ಮನಸ್ಸು ಹದ ತಪ್ಪಿದವರನ್ನು ಎಲ್ಲೆಲ್ಲಿಂದಲೋ ಕರೆದುಕೊಂಡು ಬರುತ್ತಾರೆ.

"ಒಬ್ರೇ ಬಂದಿದ್ದೀರಲ್ಲ ಬೇಟಾ," ಅಂದರು ಕಿಟಕಿಯಿಂದ. "ಮುಂದಿನ ಸಲ ಮನೆಯೋರನ್ನ ಜೊತೇಲಿ ಕರ್ಕೊಂಡ್ ಬನ್ನಿ."

ಇಳಿದುಬಿಡಬಹುದಿತ್ತು, ಇಳಿಯಲಿಲ್ಲ. ದರ್ಗಾಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತು ಬಂದೆ. ಸುಳ್ಳು ಯಾಕೆ ಹೇಳಲಿ, ನೆಮ್ಮದಿಯಾಯಿತು.

೬. ಊಟ ಆಯ್ತಾ

ಮನೆ ಸಿಗದಿದ್ದರೆ ಏನಂತೆ, ಮಾತಾಡಿಸಲು ಇನ್ನೊಂದು ದಾರಿ ಇತ್ತು. ಪ್ರತಿ ನೋಡೂ ತನ್ನ ಸಾಫ್ಟ್‌ವೇರಿನ ಹೆಸರಿನ ಪಕ್ಕದಲ್ಲಿ ತನಗೆ ಬೇಕಾದ ನಾಲ್ಕು ಮಾತು ಅಂಟಿಸಿಕೊಳ್ಳಬಹುದು, ಲಾರಿಗಳ ಹಿಂದೆ ಬರೆಸುತ್ತಾರಲ್ಲ ಹಾಗೆ. ಜಾಲದಲ್ಲಿರುವ ಯಾರು ಬೇಕಾದರೂ ಓದಬಹುದು. ನನ್ನ ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ "ಊಟ ಆಯ್ತಾ" ಎಂದು ಬರೆದೆ.

ಮಾರನೆಯ ಬೆಳಿಗ್ಗೆ ಲೆಕ್ಕದಲ್ಲಿ ನೋಡಿದರೆ ಚಿಂತಾಮಣಿಯವರ ಹೆಸರಿನ ಪಕ್ಕದಲ್ಲಿ, "ಊಟ ಆಯ್ತಾ".

ನನಗೆ ಒಂದು ಚೂರೂ ಅನುಮಾನ ಬರಲಿಲ್ಲ. ನಮ್ಮ ಕಡೆ ಊಟ ಆಯ್ತಾ ಅಂದವರಿಗೆ ಆಯ್ತು ಅಂತ ಯಾರು ಹೇಳುತ್ತಾರೆ? ಊಟ ಆಯ್ತಾ ಅಂತಲೇ ಹೇಳುವುದು. ಆ ದಿನವೆಲ್ಲ ಮನೆಯಲ್ಲಿ ಹಾಡು ಗುನುಗುತ್ತಾ ಓಡಾಡಿದೆ. ಮಾರನೆಯ ದಿನ ಧೈರ್ಯ ಮಾಡಿ "ನಾನು ಶಿಡ್ಲಘಟ್ಟ" ಎಂದು ಬದಲಾಯಿಸಿದೆ. ಅದರ ಮರುದಿನ ಬೆಳಿಗ್ಗೆ ಅವರದೂ ಬದಲಾಗಿತ್ತು, "ನಾನು ಶಿಡ್ಲಘಟ್ಟ".

ಆಗ ನನಗೆ ಹೊಳೆಯಿತು. ಭೂಪಟ ತಪ್ಪು ತೋರಿಸುತ್ತಿದೆ, ಅವರು ಚಿಂತಾಮಣಿಯವರಲ್ಲ, ಇದೇ ಊರಿನವರು. ಆ ಸಂಜೆ ಗೂಡಿನ ಮಾರ್ಕೆಟ್ಟಿನ ತನಕ ನಡೆದುಹೋಗಿ, ಎದುರು ಬಂದ ಹಲವರಿಗೆ ಸುಮ್ಮಸುಮ್ಮನೆ ಮುಗುಳ್ನಕ್ಕೆ. ಇಬ್ಬರು ತಿರುಗಿ ನಕ್ಕರು. ಆಮೇಲೆ "ಯಾವ ಬೀದಿ" ಎಂದು ಬರೆದೆ. "ಯಾವ ಬೀದಿ" ಎಂದು ಉತ್ತರ ಬಂತು. ಕೇಳಿದ್ದಕ್ಕೆ ನೆಟ್ಟಗೆ ಹೇಳದೆ ಪ್ರಶ್ನೆಗೆ ಪ್ರಶ್ನೆ ಹಾಕುತ್ತಾನಲ್ಲ, ಅಪ್ಪಟ ನಮ್ಮೂರಿನವನೇ ಎಂದು ಯಜಮಾನಿ ಖಾತ್ರಿ ಮಾಡಿದರು. ಅವರ ಪ್ರಕಾರ ಅದು ಗಂಡಸು ಎಂದು ಅಷ್ಟರಲ್ಲಿ ತೀರ್ಮಾನವಾಗಿತ್ತು. ನೀನೇ ಮೊದಲು ಕರಿ ಎಂದು ಸಲಹೆ ಕೊಟ್ಟವರೂ ಅವರೇ. "ನಮ್ಮನೆಗೆ ಕಾಫಿಗೆ ಬನ್ನಿ" ಎಂದು ಬರೆದೆ. ಅಲ್ಲಿಂದಲೂ ಬಂತು, "ನಮ್ಮನೆಗೆ ಕಾಫಿಗೆ ಬನ್ನಿ".

ಆ ಕರೆ ಹಾಗೇ ಕೂತಿತು. ನಾನು ಮನೆ ಗುಡಿಸಿ, ಹೊಸ ಲೋಟ ತಂದಿಟ್ಟುಕೊಂಡು, ಮೆಟ್ಟಿಲ ಮೇಲೆ ಸದ್ದಾದಾಗಲೆಲ್ಲ ಎದ್ದು ನೋಡುತ್ತಿದ್ದೆ. ಯಜಮಾನಿ ದಿನಾ ಕೆಳಗಿನಿಂದಲೇ ಕೂಗಿ ಏನಾಯಿತು ಎಂದು ಕೇಳುವರು. "ಇಬ್ರೂ ಬಾ ಬಾ ಅಂತೀರ, ಇಬ್ರೂ ಹೊಸ್ಲು ದಾಟಲ್ಲ," ಅಂದರು ಒಂದು ದಿನ. "ನೋಡ್ಕೋ, ಯಾರೋ ನಿಮ್ಮ ನೆಂಟರೇ ಇರ್ಬೇಕು."

ಒಂದು ಮಧ್ಯಾಹ್ನ ಇಂಟರ್ನೆಟ್ ನಿಂತಿತು. ಕೇಬಲ್ಲಿನವರಿಗೆ ಫೋನ್ ಮಾಡಿದರೆ, ಚಿಂತಾಮಣಿಯಲ್ಲಿ ಜೆಸಿಬಿ ಕೇಬಲ್ ಕಿತ್ತುಹಾಕಿದೆ, ಸಂಜೆಗೆ ಸರಿಹೋಗುತ್ತದೆ ಅಂದರು. ಅಲ್ಲಿ ಕಿತ್ತರೆ ನನಗೇಕೆ ಹೋಗಬೇಕು ಎಂದು ಕೇಳಿದೆ.

"ಸಿಡ್ಲು ಹೊಡೆದಾಗ ಬಾಕ್ಸ್ ಬದಲಾಯಿಸ್ದೆನಲ್ಲ ಮೇಡಂ. ಆವಾಗಿಂದ ನಿಮ್ಮ ಲೈನು ಚಿಂತಾಮಣಿ ಆಫೀಸಿಂದಲೇ ಬರೋದು. ಇಂಟರ್ನೆಟ್ ಅಡ್ರೆಸ್ಸೂ ಅಲ್ಲಿಂದೇ."

ಫೋನ್ ಕಿವಿಯಲ್ಲೇ ಉಳಿಯಿತು. ನಾನು ಬಿಟ್ಟು ಹೋಗು ಎಂದು ಪ್ರೋಗ್ರಾಮಿಗೆ ಹೇಳಿದ್ದು ಹಳೆಯ ವಿಳಾಸವನ್ನು. ಹೊಸ ವಿಳಾಸ ಅದಕ್ಕೇನು ಗೊತ್ತು? ಅದು ದಿನಾ ದೂರದ ದೇಶದಿಂದ ಬಂದು ನನ್ನದೇ ಬಾಗಿಲು ತಟ್ಟಿ, ನನ್ನದೇ ಮಾತು ಬರೆದುಕೊಂಡು ಹೋಗಿ, ಬೆಳಿಗ್ಗೆ ನನಗೇ ಒಪ್ಪಿಸುತ್ತಿತ್ತು. ಕರೆಂಟ್ ಒಟ್ಟಿಗೆ ಹೋಗುತ್ತಿದ್ದುದು ಇಬ್ಬರೂ ಒಂದೇ ಲೈನಿನಲ್ಲಿದ್ದಾರೆಂದಲ್ಲ, ಇಬ್ಬರಿರಲೇ ಇಲ್ಲ. ಚಿಂತಾಮಣಿಯವರು ಆ ಮೂಲೆಯಲ್ಲಿ ಹಸಿರು ದೀಪ ಮಿಣುಕಿಸುತ್ತಾ ಕೂತಿದ್ದರು.

ಮೊದಲಿಗೆ ನಗು ಬರಲಿಲ್ಲ. ಯಾರೋ ತೀರಿಕೊಂಡ ಹಾಗಾಯಿತು. ಇಲ್ಲದವರು ಹೋದರೆ ಇಷ್ಟು ಸಂಕಟವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಸಂಜೆ ಇಂಟರ್ನೆಟ್ ಬಂದ ಮೇಲೆ ನಮ್ಮ ಜಿಲ್ಲೆಯನ್ನು ಮತ್ತೆ ಸೊನ್ನೆ ಮಾಡಿದೆ. ಹಿಮದ ದೇಶದವರಿಗೂ ಬರೆದೆ. ನೀವು ಹೇಳಿದ್ದು ಸರಿ, ಲೆಕ್ಕದಲ್ಲಿ ಒಂದು ಜಾಸ್ತಿಯಿತ್ತು, ಅದು ನಾನೇ ಎಂದು. "ಒಂದೇನಾ" ಎಂದು ಉತ್ತರ ಬಂತು.

ಅಷ್ಟರಲ್ಲಿ ಕೆಳಗಿನಿಂದ ಯಜಮಾನಿಯ ಕೂಗು, ಇವತ್ತು ಏನಂದ ನಿನ್ನ ಚಿಂತಾಮಣಿಯೋನು ಎಂದು. ನಾನು ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ. ಅವರು ಕೆಳಗಿನ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಹೊಳೆ ದಾಟಿದ ದಡ್ಡರು ತಮ್ಮನ್ನು ಬಿಟ್ಟು ಎಣಿಸಿದರಂತೆ, ನೀನು ನಿನ್ನೊಬ್ಬಳನ್ನೇ ಎಣಿಸಿದ್ದೀಯ ಅಂದರು. ನನಗೂ ಆಗ ನಗು ಬಂತು. ಇಬ್ಬರೂ ನಕ್ಕು ಸುಸ್ತಾದ ಮೇಲೆ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಕಾಫಿಗೆ ಬನ್ನಿ ಅಂತ ಪ್ರಪಂಚಕ್ಕೆಲ್ಲ ಕಾಣೋ ಹಂಗೆ ಬರ್ದೆ," ಅಂದರು. "ಈ ಮನೇಲಿ ಇಷ್ಟು ದಿನದಿಂದ ಇದೀಯ, ಕೆಳಗಿನ ಮನೆಯೋಳಿಗೆ ಒಂದು ದಿನಾನೂ ಬನ್ನಿ ಅನ್ಲಿಲ್ಲ ನೀನು."

ನಿಜ. ಅವರು ಬಂದಾಗಲೆಲ್ಲ ನಲ್ಲಿ, ಗೆದ್ದಲು ಅಂತ ನೆಪ ಹುಡುಕಿಕೊಂಡೇ ಬರಬೇಕಾಗಿತ್ತು. ಬನ್ನಿ ಅಂದೆ. ಅವರು ಗೋಡೆ ಹಿಡಿದು, ಮಂಡಿಗೆ ತೆಲುಗಿನಲ್ಲಿ ಬೈಯುತ್ತಾ ಒಂದೊಂದೇ ಮೆಟ್ಟಿಲು ಹತ್ತಿ ಬಂದು, ನಾನು ಅತಿಥಿಗೆಂದು ಹಾಕಿಟ್ಟಿದ್ದ ಕುರ್ಚಿಯಲ್ಲಿ ಕೂತರು. ಹೊಸ ಲೋಟ ತೊಳೆದೆ, ಡಿಕಾಕ್ಷನ್ ಇಳಿಸಿದೆ, ಹಾಲು ಒಲೆಯ ಮೇಲಿಟ್ಟೆ. ಒಬ್ಬಳಿಗೇನು ಅಂತ ಎರಡು ದಿನಕ್ಕೊಮ್ಮೆ ಹಾಲು ತರುವುದು ನನ್ನ ಪದ್ಧತಿ. ಬಿಸಿಯಾಗುತ್ತಿದ್ದ ಹಾಗೆಯೇ ಅದು ಒಡೆದು ಗಡ್ಡೆಗಡ್ಡೆಯಾಯಿತು.

ಯಜಮಾನಿ ಎದ್ದು ಬಂದು ಪಾತ್ರೆಯೊಳಗೆ ಬಗ್ಗಿ ನೋಡಿ, ಮೂಲೆಯ ಪೆಟ್ಟಿಗೆಯ ಕಡೆ ತಿರುಗಿದರು.

"ನೀನು ಕಾಫಿಗೆ ಬರದೇ ಇದ್ದಿದ್ದೇ ಒಳ್ಳೇದಾಯ್ತು ಕಣಪ್ಪ," ಅಂದರು. "ಬಾರಮ್ಮ ಟೀಚರಮ್ಮ, ಕೆಳಗೆ ಹೋಗಣ. ಊಟ ಆಯ್ತಾ ಅಂತ ಅಷ್ಟು ದಿನ ಕೇಳ್ದೆಯಲ್ಲ, ಆಯ್ತಾ ನಿಂದು?"

ಆಗಿರಲಿಲ್ಲ.